ಹೊಲಕ್ಕೆ ಬೇಲಿ ಉಂಟು, ಗಿರಣಿಯ ಬೆಲ್ಟಿಗೇಕಿಲ್ಲ?

ಚಿಕ್ಕೇರೂರಿನ ಸುತ್ತಿನ ಹೊಲಗಳನ್ನು ನೋಡಿರಿ. ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ರೈತ ತನ್ನ ಬೇಲಿಯನ್ನು ಭದ್ರ ಮಾಡಿಕೊಳ್ಳುತ್ತಾನೆ. ಮುಳ್ಳು ಸಿಗದವನು ತಂತಿ ತರುತ್ತಾನೆ. ತಂತಿಗೆ ದುಡ್ಡಿಲ್ಲದವನು ಹಳೆಯ ಸೀರೆಯನ್ನಾದರೂ ಗೂಟಕ್ಕೆ ಕಟ್ಟುತ್ತಾನೆ. "ಹಂದಿಗಳೇ, ಎಚ್ಚರಿಕೆಯಿಂದ ನಡೆಯಿರಿ" ಎಂದು ಬೋರ್ಡು ಬರೆದು ನಿಲ್ಲಿಸಿ ಮನೆಗೆ ಹೋಗಿ ಮಲಗಿದ ರೈತನನ್ನು ನಾವು ಈವರೆಗೆ ಕಂಡಿಲ್ಲ.

ಅದೇ ಜೋಳ ರಾಶಿಯ ಯಂತ್ರಕ್ಕೆ, ಅಲ್ಲಿಂದ ಗಿರಣಿಗೆ ಬಂದಾಗ ಮಾತ್ರ ನ್ಯಾಯ ತಲೆಕೆಳಗಾಗುತ್ತದೆ. ಅಲ್ಲಿ ಬೆಲ್ಟು ಬಯಲಲ್ಲೇ ಓಡುತ್ತದೆ, ಪುಲ್ಲಿ ಬಯಲಲ್ಲೇ ತಿರುಗುತ್ತದೆ, ಗೋಡೆಯ ಮೇಲೊಂದು ಬೋರ್ಡು ಮಾತ್ರ ಇರುತ್ತದೆ: "ಎಚ್ಚರಿಕೆಯಿಂದ ಕೆಲಸ ಮಾಡಿರಿ." ತೆನೆಗೆ ಬೇಲಿ, ಕೈಗೆ ಬೋರ್ಡು! ಕೂಲಿಕಾರನ ಕೈಗೆ ಒಂದು ತೆನೆಯಷ್ಟೂ ಬೆಲೆಯಿಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವೇ?

ಗಿರಣಿಗಳ, ವರ್ಕಶಾಪುಗಳ ಯಂತ್ರಕ್ಕೆ ತಡೆಬೇಲಿ ಹಾಕುವುದು ಮಾಲೀಕನ ಕರ್ತವ್ಯ. ಅದು ಅವನ ದಯೆಯಲ್ಲ, ಕೂಲಿಕಾರನ ಜಾಣತನದ ಬದಲಿಗೆ ಸಿಗುವ ಬಹುಮಾನವೂ ಅಲ್ಲ. ಈ ಒಂದು ಮಾತನ್ನು ಹೇಳಲೆಂದೇ ನಾವು ಇಂದು ಬರೆಯುತ್ತಿದ್ದೇವೆ. ಇದಕ್ಕೆ ಎದುರಾಗಿ ಬರುವ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ನೋಡೋಣ.

ಎಚ್ಚರಿಕೆಯ ಲೆಕ್ಕ

ಮೊದಲ ವಾದ ಎಲ್ಲರಿಗೂ ಗೊತ್ತಿದ್ದದ್ದೇ: "ಅಪಘಾತವಾಗುವುದು ಅಜಾಗರೂಕತೆಯಿಂದ. ಮೈಮೇಲೆ ಎಚ್ಚರವಿದ್ದರೆ ಏನೂ ಆಗುವುದಿಲ್ಲ." ಹೇಳುವವರು ದೊಡ್ಡವರಾದುದರಿಂದ ಮಾತೂ ದೊಡ್ಡದೆಂದು ನಮ್ಮವರು ಒಪ್ಪಿಕೊಂಡುಬಿಟ್ಟಿದ್ದಾರೆ. ಪೆನ್ಸಿಲು ಹಿಡಿದು ಲೆಕ್ಕ ಹಾಕಿದವರು ಕಡಿಮೆ.

ಹಿಟ್ಟಿನ ಗಿರಣಿಯ ಸಾಮಾನ್ಯ ವಿದ್ಯುತ್ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 24 ಸುತ್ತು. ಅದಕ್ಕೆ 4 ಅಂಗುಲದ ಪುಲ್ಲಿ ಇದ್ದರೆ ಬೆಲ್ಟು ಸೆಕೆಂಡಿಗೆ 25 ಅಡಿ ಓಡುತ್ತದೆ. ಕಣ್ಣು ಕಂಡು, ಮನಸ್ಸು ತಿಳಿದು, ಕೈ ಹಿಂದೆ ಬರಲು ಆರೋಗ್ಯವಂತನಿಗೂ ಸೆಕೆಂಡಿನ ಕಾಲು ಭಾಗವಾದರೂ ಬೇಕು. ಅಷ್ಟರಲ್ಲಿ ಬೆಲ್ಟು ಆರು ಅಡಿ ಮುಂದೆ ಹೋಗಿರುತ್ತದೆ. ಬೆಲ್ಟು ಪುಲ್ಲಿಯೊಳಕ್ಕೆ ನುಗ್ಗುವ ಸಂದಿಗೆ ಬೆರಳು ಸಿಕ್ಕಿದರೆ, ಸಿಕ್ಕಿತೆಂದು ತಿಳಿಯುವ ಮೊದಲೇ ಎಲ್ಲ ಮುಗಿದಿರುತ್ತದೆ. ಸೆರಗಿನ ತುದಿಯನ್ನು, ಪಂಚೆಯ ಅಂಚನ್ನು, ಹೆಗಲ ಮೇಲಿನ ಟವೆಲನ್ನು ಹಿಡಿಯಲು ಬೆಲ್ಟಿನ ಜೋಡಣೆಯ ಒಂದು ಲೋಹದ ಹಲ್ಲು ಸಾಕು.

ರಾಶಿಯ ಕಾಲದಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಯಂತ್ರದ ಕಥೆಯೂ ಇದೇ. ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಒಯ್ಯುವ ಶಾಫ್ಟು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ನೋಡುವವರಿಗೆ ಅದು ನಿಂತ ಕೋಲಿನಂತೆ ಕಾಣುತ್ತದೆ. ಕಾಲು ಸೆಕೆಂಡಿನಲ್ಲಿ ಎರಡು ಸುತ್ತು ಮೀರಿ ತಿರುಗುವ ಆ ಕೋಲು ಒಂದು ಸೀರೆಯನ್ನು ಸುತ್ತಿಕೊಳ್ಳಲು ಎಷ್ಟು ಹೊತ್ತು ಬೇಕು?

ಆದ್ದರಿಂದ ಎಚ್ಚರಿಕೆಯೆಂಬುದು ಬೆಲ್ಟಿಗಿಂತ ನಿಧಾನವಾದ ಪದಾರ್ಥ. ಎಚ್ಚರ ಬೇಡವೆಂದು ನಾವು ಹೇಳುತ್ತಿಲ್ಲ. ಎಂಟನೆಯ ತಾಸಿನಲ್ಲಿ, ಧೂಳಿನಲ್ಲಿ, ಗದ್ದಲದಲ್ಲಿ, ಹಸಿವಿನಲ್ಲಿ ನಿಂತ ಮನುಷ್ಯನಿಂದ ಯಂತ್ರಕ್ಕಿಂತ ಹೆಚ್ಚಿನ ವೇಗವನ್ನು ಕೇಳುವುದು ನ್ಯಾಯವಲ್ಲವೆಂದು ಮಾತ್ರ ಹೇಳುತ್ತಿದ್ದೇವೆ. ಕಬ್ಬಿಣದ ಜಾಲರಿಗೆ ನಿದ್ದೆ ಬರುವುದಿಲ್ಲ. ಮಗಳ ಮದುವೆಯ ಸಾಲ ಅದಕ್ಕೆ ನೆನಪಾಗುವುದಿಲ್ಲ. ಜಾಲರಿಯ ಗುಣವೇ ಅದು.

2023ರ ಫೆಬ್ರುವರಿಯಲ್ಲಿ ಕರ್ನಾಟಕದ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರದ 48 ತಾಸಿನ ಮಿತಿಯೊಳಗೆ ದಿನಕ್ಕೆ 12 ತಾಸಿನವರೆಗೂ ದುಡಿಸಲು ದಾರಿ ತೆರೆಯಿತು. ಕೂಲಿಕಾರನ ಲಿಖಿತ ಒಪ್ಪಿಗೆ ಬೇಕೆಂಬ ಮಾತೂ ಅದರಲ್ಲಿದೆ. ಹೊಟ್ಟೆ ಹಸಿದವನ ಒಪ್ಪಿಗೆ ಎಷ್ಟು ಸ್ವತಂತ್ರವೆಂದು ನಾವು ಹೇಳಬೇಕಾಗಿಲ್ಲ. ಹನ್ನೆರಡನೆಯ ತಾಸಿನಲ್ಲಿ ಯಾರ ಎಚ್ಚರ ಎಲ್ಲಿರುತ್ತದೆಯೋ, ಎಚ್ಚರದ ಉಪದೇಶ ಮಾಡುವವರೇ ತಿಳಿಸಲಿ.

ತಲೆ ಎಣಿಸುವ ಕಾಯಿದೆ

ಬೇಲಿಯ ಮಾತು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1844ರ ಕಾಯಿದೆಯೇ ಗಿರಣಿಯ ಶಾಫ್ಟುಗಳಿಗೆ ಬೇಲಿ ಹಾಕಿರೆಂದು ಹೇಳಿತು. ಹತ್ತು ವರ್ಷದ ಮೇಲೆ ಇನ್ಸ್ಪೆಕ್ಟರರು ಆ ಕಲಮನ್ನು ನಿಜವಾಗಿ ಜಾರಿ ಮಾಡಹೊರಟಾಗ ಮ್ಯಾಂಚೆಸ್ಟರಿನ ಗಿರಣಿ ಧಣಿಗಳು 1855ರಲ್ಲಿ ಸಂಘ ಕಟ್ಟಿದರು. ಚಂದಾ ಕೂಡಿಸಿದರು. ಏಳು ಅಡಿಗಿಂತ ಮೇಲಿರುವ ಶಾಫ್ಟಿಗೆ ಬೇಲಿ ಏಕೆಂದು ವಾದ ಹೂಡಿದರು. ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸನ ವಾರಪತ್ರಿಕೆ ಆ ಸಂಘಕ್ಕೆ ಕೂಲಿಕಾರರ ಅಂಗಾಂಗ ಮುರಿಯುವ ಸಂಘವೆಂಬ ಅಡ್ಡಹೆಸರು ಕಟ್ಟಿತು. ಆದರೇನು? 1856ರಲ್ಲಿ ಪಾರ್ಲಿಮೆಂಟು ಧಣಿಗಳ ಮಾತನ್ನು ಕೇಳಿ ಕಾಯಿದೆಯನ್ನು ಸಡಿಲಿಸಿತು. ಅಂದಿನಿಂದ ಇಂದಿನವರೆಗೆ ಧಣಿಗಳ ವಾದ ಬದಲಾಗಿಲ್ಲ. ವಕೀಲರು ಮಾತ್ರ ಬದಲಾಗಿದ್ದಾರೆ.

ನಮ್ಮ ದೇಶಕ್ಕೆ ಮೊದಲ ಕಾರ್ಖಾನೆ ಕಾಯಿದೆ ಬಂದದ್ದು 1881ರಲ್ಲಿ. ಆಗ ನಮ್ಮ ಹಿರೇಕೆರೂರು ತಾಲೂಕಿಗೆ ಕೋಡ ತಾಲೂಕೆಂದು ಹೆಸರು. ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಯಂತ್ರಕ್ಕೆ ಬೇಲಿ ಹಾಕಬೇಕೆಂಬ ಮಾತು ಆ ಕಾಯಿದೆಯಲ್ಲಿಯೇ ಇತ್ತು. ಆದರೆ ನೂರು ಜನ ದುಡಿಯುವ ಕಡೆಗೆ ಮಾತ್ರ ಅದು ಸಲ್ಲುತ್ತಿತ್ತು. ವರ್ಷಕ್ಕೆ ನಾಲ್ಕು ತಿಂಗಳಿಗಿಂತ ಕಡಿಮೆ ನಡೆಯುವ ಕಾರ್ಖಾನೆಗಳನ್ನು ಪೂರ್ತಿ ಹೊರಗಿಟ್ಟಿದ್ದರು. ಹತ್ತಿಯ ಸುಗ್ಗಿಯಲ್ಲಷ್ಟೇ ನಡೆಯುವ ಜಿನ್ನುಗಳಿಗೆ ಇದರಿಂದ ಎಷ್ಟು ಅನುಕೂಲವಾಯಿತೆಂದು ಓದುಗರೇ ಊಹಿಸಿಕೊಳ್ಳಲಿ. ನಾಲ್ಕು ತಿಂಗಳು ತುಂಬದ ಕೆಲಸದಲ್ಲಿ ಕತ್ತರಿಸಿದ ಬೆರಳು ಐದನೆಯ ತಿಂಗಳಲ್ಲಿ ಚಿಗುರುತ್ತದೆಂದು ಆ ಕಾಯಿದೆ ಮಾಡಿದವರು ನಂಬಿದ್ದರೋ ಏನೋ!

ಮುಂದಿನ ಇತಿಹಾಸ ತಲೆ ಎಣಿಕೆಯ ಇತಿಹಾಸ. 1891ರಲ್ಲಿ ನೂರು ಐವತ್ತಾಯಿತು. 1922ರಲ್ಲಿ ಐವತ್ತು ಇಪ್ಪತ್ತಾಯಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯಿದೆಯಲ್ಲಿ, ವಿದ್ಯುತ್ತು ಮೊದಲಾದ ಶಕ್ತಿಯಿಂದ ಯಂತ್ರ ನಡೆಯುವ ಕಡೆ, ಹತ್ತಾಯಿತು. ಪ್ರತಿ ಹೆಜ್ಜೆಗೂ ಕೂಲಿಕಾರರು ಹೋರಾಡಬೇಕಾಯಿತು. ಆ ಕಾಯಿದೆಯ 21ನೆಯ ಕಲಮು ಖಡಾಖಂಡಿತವಾಗಿತ್ತು: ಚಲಿಸುವ ಪ್ರತಿಯೊಂದು ಅಪಾಯದ ಭಾಗಕ್ಕೂ ಗಟ್ಟಿಯಾದ ಬೇಲಿ ಬೇಕು, ಯಂತ್ರ ತಿರುಗುತ್ತಿರುವಷ್ಟು ಹೊತ್ತೂ ಬೇಲಿ ಅದರ ಸ್ಥಳದಲ್ಲಿಯೇ ಇರಬೇಕು. 27ನೆಯ ಕಲಮು ಅರಳೆ ಒತ್ತುವಲ್ಲಿ ಬಳಸುವ ಯಂತ್ರದ ಬಳಿ ಹೆಂಗಸರನ್ನೂ ಮಕ್ಕಳನ್ನೂ ನಿಲ್ಲಿಸಕೂಡದೆಂದಿತು. ನಡುವೆ ಮಾಳಿಗೆಯವರೆಗೆ, ಇಲ್ಲವೆ ಇನ್ಸ್ಪೆಕ್ಟರರು ಬರೆದುಕೊಟ್ಟಷ್ಟು ಎತ್ತರಕ್ಕೆ, ಅಡ್ಡಗೋಡೆ ಇದ್ದರೆ ಹತ್ತಿ ಉಣಿಸುವ ಬದಿಯಲ್ಲಿ ಮಾತ್ರ ನಿಲ್ಲಿಸಬಹುದಾಗಿತ್ತು. ಎಲ್ಲಿ ಗೋಡೆ, ಯಾವ ಬದಿಗೆ ಮನುಷ್ಯ ಎಂಬುದನ್ನು ಸಹ ಕಾಯಿದೆಯೇ ಹೇಳುತ್ತಿತ್ತು.

ಈಗ ಎಣಿಕೆ ಹಿಂದಕ್ಕೆ ಹೊರಟಿದೆ. 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರ 21ರಂದು ಜಾರಿಗೆ ಬಂತು. ಅದರಲ್ಲಿ ವಿದ್ಯುತ್ತಿರುವ ಕಡೆ ಹತ್ತು ಇದ್ದದ್ದು ಇಪ್ಪತ್ತಾಯಿತು. ಇಲ್ಲದ ಕಡೆ ಇಪ್ಪತ್ತು ಇದ್ದದ್ದು ನಲವತ್ತಾಯಿತು. ಅಷ್ಟು ಜನರಿಲ್ಲದಿದ್ದರೆ ಅದು ಕಾರ್ಖಾನೆಯೇ ಅಲ್ಲ! ಹತ್ತು ಜನರಿದ್ದರೆ ಮಾಲೀಕನ ಸಾಮಾನ್ಯ ಕರ್ತವ್ಯ ಉಳಿದಿದೆಯೆಂಬುದು ನಿಜ. ಬೇಲಿಯ ತಪ್ಪಿನಿಂದ ಸಾವಾದರೆ ಎರಡು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಪಾಲನ್ನು ಸತ್ತವನ ಮನೆಯವರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರ, ಇವೂ ಅದರಲ್ಲಿವೆ. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ದಂಡ ಹೆಚ್ಚಿಸಿ, ದಂಡ ತಗಲುವ ಜಾಗಗಳನ್ನು ಕಡಿಮೆ ಮಾಡುವುದು ಯಾವ ನ್ಯಾಯ? ಚಿಕ್ಕೇರೂರಿನಂಥ ಊರುಗಳಲ್ಲಿ ಇಪ್ಪತ್ತು ಜನ ದುಡಿಯುವ ಗಿರಣಿಗಳನ್ನು ಹುಡುಕಲು ದೀಪ ಹಿಡಿಯಬೇಕು. ಇಬ್ಬರು, ಮೂವರು, ಐವರು ದುಡಿಯುವ ಜಾಗಗಳೇ ಇಲ್ಲಿಯ ಉದ್ದಿಮೆ. ಎದುರಿಗೆ ಎಷ್ಟು ಜನ ನಿಂತಿದ್ದಾರೆಂದು ಬೆಲ್ಟು ಎಣಿಸುವುದಿಲ್ಲ. ಕಾಯಿದೆ ಮಾತ್ರ ಎಣಿಸುತ್ತದೆ.

ಬೆರಳಿನ ದರಪಟ್ಟಿ

ಕೈ ಕೆಸರಾದರೆ ಬಾಯಿ ಮೊಸರೆಂದು ಹಿರಿಯರು ಹೇಳಿದರು. ಕೈಯೇ ಹೋದರೆ ಏನೆಂಬುದನ್ನು ಅವರು ಹೇಳಲಿಲ್ಲ. 1923ರ ಪರಿಹಾರ ಕಾಯಿದೆ ಹೇಳಿತು. ಅದರ ಅನುಸೂಚಿಯಲ್ಲಿ ಮನುಷ್ಯನ ಮೈಯ ದರಪಟ್ಟಿಯೇ ಇದೆ. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 14 ನಷ್ಟ. ನಡುಬೆರಳಿಗೆ 12. ಹೆಬ್ಬೆರಳಿಗೆ 30. ಒಂದು ಕೈಯ ನಾಲ್ಕು ಬೆರಳಿಗೆ 50. ಕೈಯೇ ಹೋದರೆ 60.

ಈ ಪಟ್ಟಿಯನ್ನು ನಾವು ಹಳಿಯುತ್ತಿಲ್ಲ. ಅದೂ ಇಲ್ಲದಿದ್ದ ಕಾಲಕ್ಕಿಂತ ಅದು ಮೇಲು. ವ್ಯಾಪಾರಸ್ಥ ಬಂಧುಗಳು ಅದನ್ನು ವ್ಯಾಪಾರದ ಕಣ್ಣಿನಿಂದಲೇ ನೋಡಲಿ. 2020ರಲ್ಲಿ ನಿಗದಿಯಾದ ತಿಂಗಳಿಗೆ 15,000 ರೂಪಾಯಿಯ ಮಿತಿಯಂತೆ ಲೆಕ್ಕ ಹಾಕಿದರೆ, 30 ವರ್ಷದ ಕೂಲಿಕಾರನ ಒಂದು ಹೆಬ್ಬೆರಳಿಗೆ ಪರಿಹಾರ ಐದೂವರೆ ಲಕ್ಷ ರೂಪಾಯಿ ದಾಟುತ್ತದೆ. ಬೆಲ್ಟಿಗೊಂದು ಕಬ್ಬಿಣದ ಚೌಕಟ್ಟು, ಅದಕ್ಕೊಂದು ಜಾಲರಿ, ನಾಲ್ಕು ಬೋಲ್ಟು: ಇದಕ್ಕೆ ಊರಿನ ವೆಲ್ಡಿಂಗ್ ಅಂಗಡಿಯವನು ಎಷ್ಟು ಕೇಳುತ್ತಾನೆಂದು ಹೋಗಿ ವಿಚಾರಿಸಿರಿ. ಖರ್ಚಿನ ವಾದ ಅಲ್ಲಿಗೆ ಮುಗಿಯಿತು.

"ಬೇಲಿ ಹಾಕಿದರೆ ಕೆಲಸ ಸಾಗುವುದಿಲ್ಲ"

ಇದು ಮೂರನೆಯ ವಾದ. 1955ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಒಂದು ಉಕ್ಕಿನ ಕಂಪನಿ ಇದನ್ನೇ ಹೂಡಿತ್ತು. ಸಾಣೆಚಕ್ರಕ್ಕೆ ತಗಲಿ ಕೂಲಿಕಾರನೊಬ್ಬನ ಹೆಬ್ಬೆರಳಿಗೆ ಪೆಟ್ಟಾಗಿತ್ತು. ಪೂರ್ತಿ ಮುಚ್ಚಿದರೆ ಚಕ್ರ ಉಪಯೋಗಕ್ಕೇ ಬರುವುದಿಲ್ಲವೆಂದು ಕಂಪನಿ ಹೇಳಿತು. ಉಪಯೋಗಕ್ಕೆ ಬಾರದಿದ್ದರೂ ಬೇಲಿ ಹಾಕುವ ಕರ್ತವ್ಯ ತಪ್ಪದೆಂದು ತೀರ್ಪಾಯಿತು. ನ್ಯಾಯಾಧೀಶರೇನು ಸಮಾಜವಾದಿಗಳಾಗಿರಲಿಲ್ಲ; ಕಾಯಿದೆಯಲ್ಲಿ ಬರೆದದ್ದನ್ನು ಓದಿದರು, ಅಷ್ಟೇ.

ಬೇಲಿ ಹಾಕಿಯೂ ಕೆಲಸ ಸಾಗಿಸಬಹುದೆಂಬುದಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ದೇಶದ ಉತ್ತರ ಪ್ರಾಂತ್ಯಗಳಲ್ಲಿ ಗೋಧಿಯ ರಾಶಿ ಯಂತ್ರಗಳು ಹರಡಿದಾಗ ಸುಗ್ಗಿ ಸುಗ್ಗಿಗೂ ಕೈಗಳು ಕತ್ತರಿಸಿ ಹೋದವು. ಪಾರ್ಲಿಮೆಂಟು 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆಯನ್ನೇ ಮಾಡಬೇಕಾಯಿತು. ಅದಕ್ಕೂ ಮೊದಲೇ, 1979ರಲ್ಲಿ, ಇಂಥ ಯಂತ್ರಗಳಿಗೆ ಭಾರತೀಯ ಮಾನಕ ಬಂದಿತ್ತು. ಬೆಳೆಯನ್ನು ಉಣಿಸುವ ದೋಣಿ 90 ಸೆಂಟಿಮೀಟರಿಗೆ ಕಡಿಮೆ ಇರಕೂಡದು, ಅದರಲ್ಲಿ 45 ಸೆಂಟಿಮೀಟರು ಮೇಲೆ ಮುಚ್ಚಿರಬೇಕು ಎಂದು ಅದು ಹೇಳಿತು. ಅದರ ಗುಟ್ಟು ಸರಳ. ಮನುಷ್ಯ ಚಾಚಿದ ತೋಳು ಸಾಮಾನ್ಯವಾಗಿ 90 ಸೆಂಟಿಮೀಟರು ಮುಟ್ಟುವುದಿಲ್ಲ. ಅವನು ತೂಕಡಿಸಲಿ, ಜಾರಲಿ, ಅವಸರದಲ್ಲಿ ತಳ್ಳಲಿ, ಕೈ ಹಲ್ಲಿನವರೆಗೆ ಹೋಗಲಾರದು. ಬೆಳೆ ಒಳಗೆ ಹೋಗುತ್ತದೆ, ಕೈ ಹೊರಗೆ ಉಳಿಯುತ್ತದೆ. ಯಾರ ಎಚ್ಚರವನ್ನೂ ನಂಬದೆ ಬರಿಯ ಅಳತೆಯಿಂದ ಕೈಯನ್ನು ಕಾಯುವುದೇ ಸುರಕ್ಷತೆ.

ಜಾಲರಿಯ ಲೆಕ್ಕವೂ ಹೀಗೆಯೇ. ಕಣ್ಣು ಸಣ್ಣದಾದಷ್ಟು ಜಾಲರಿಯನ್ನು ಯಂತ್ರಕ್ಕೆ ಹತ್ತಿರ ಇಡಬಹುದು. ದೊಡ್ಡದಾದಷ್ಟು ದೂರ ಇಡಬೇಕು. ತೋಳು ತೂರುವಷ್ಟು ದೊಡ್ಡ ಕಣ್ಣಿದ್ದರೆ 85 ಸೆಂಟಿಮೀಟರಾದರೂ ದೂರವಿರಬೇಕೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಬೆಲ್ಟಿಗೆ ಗೇಣು ದೂರದಲ್ಲಿ ಕಿಟಕಿಯ ಸರಳು ನಿಲ್ಲಿಸಿ "ಬೇಲಿ ಹಾಕಿದ್ದೇವೆ" ಎನ್ನುವುದು ಇನ್ಸ್ಪೆಕ್ಟರರ ಕಣ್ಣಿಗೆ ಹಾಕಿದ ಬೇಲಿ.

ತಡೆಯೆಂದರೆ ಬರಿಯ ಜಾಲರಿಯೂ ಅಲ್ಲ. 2023ರ ಡಿಸೆಂಬರಿನಲ್ಲಿ ವಿಜಯಪುರದ ಅಲಿಯಾಬಾದ ಕೈಗಾರಿಕಾ ಪ್ರದೇಶದಲ್ಲಿ ಗೋವಿನಜೋಳದ ದಾಸ್ತಾನು ಕುಸಿದು, ಬಿಹಾರದಿಂದ ದುಡಿಯಲು ಬಂದಿದ್ದ ಏಳು ಕೂಲಿಕಾರರು ಅದರಡಿಯಲ್ಲಿ ಹೂತುಹೋದರು. ನಮ್ಮ ಜಿಲ್ಲೆಯ ರೈತರು ಬೆಳೆಯುವ ಅದೇ ಧಾನ್ಯ. ಎತ್ತರದ ರಾಶಿಗೂ ಮನುಷ್ಯನಿಗೂ ನಡುವೆ ಅಂತರ ಬೇಕು, ತಡೆ ಬೇಕು. ತಿರುಗುವ ಚಕ್ರವೊಂದೇ ಕೊಲ್ಲುವುದಿಲ್ಲ. ನಿಂತ ಚೀಲವೂ ಕೊಲ್ಲುತ್ತದೆ.

"ಕೂಲಿಕಾರನೇ ಬೇಲಿ ಬಿಚ್ಚುತ್ತಾನೆ"

ಕೊನೆಯ ವಾದದಲ್ಲಿ ಅರ್ಧ ಸತ್ಯವಿದೆ. ಬಿಚ್ಚುತ್ತಾನೆ, ಹೌದು. ಏಕೆ ಬಿಚ್ಚುತ್ತಾನೆ? ಬೆಲ್ಟು ಜಾರಿದರೆ, ಧೂಳು ಕಟ್ಟಿದರೆ, ಕಾಳು ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸಿದಷ್ಟು ಹೊತ್ತಿನ ಕೂಲಿ ಅವನದೇ ಕೈಬಿಡುತ್ತದೆ. ಚೀಲದ ಲೆಕ್ಕದ ಕೂಲಿಯಲ್ಲಿ ನಿಂತ ಯಂತ್ರಕ್ಕೆ ಸಂಬಳವಿಲ್ಲ. ಆದ್ದರಿಂದ ತಿರುಗುವ ಯಂತ್ರಕ್ಕೇ ಕೈ ಹಾಕುತ್ತಾನೆ. ಬೇಲಿ ಬಿಚ್ಚುವ ಕೈ ಅವನದು, ಬಿಚ್ಚಿಸುವ ಕೂಲಿಯ ದರ ಮಾಲೀಕನದು.

ಇದಕ್ಕೆ ಔಷಧ ಉಂಟು. ಬೇಲಿಗೆ ಬಿಜಾಗರಿ ಹಾಕಿ, ಬಾಗಿಲು ತೆರೆದೊಡನೆ ವಿದ್ಯುತ್ತು ತಾನೇ ಕಡಿಯುವಂತೆ ಮಾಡಬಹುದು. ಎಣ್ಣೆ ಹಾಕುವ ನಳಿಗೆಯನ್ನು ಬೇಲಿಯ ಹೊರಗೆ ತರಬಹುದು. ದುರಸ್ತಿಗೆ ಕೈ ಹಾಕುವವನು ಸ್ವಿಚ್ಚಿಗೆ ಕೀಲಿ ಹಾಕಿ, ಕೀಲಿಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಳ್ಳಬಹುದು. ಯಂತ್ರ ನಿಂತ ಹೊತ್ತಿಗೂ ಕೂಲಿ ಕೊಟ್ಟರಂತೂ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಕೂಲಿಕಾರ ಬಂಧುಗಳಿಗೂ ಒಂದು ಮಾತು. ಬೇಲಿಯನ್ನು ಕೂಲಿಕಾರನೇ ಬೇಕೆಂದು ತೆಗೆದನೆಂದು ಸಾಧಿಸಿದರೆ, ಬೆರಳು ಹೋದ ಪ್ರಕರಣದಲ್ಲಿ ಮಾಲೀಕನು ಪರಿಹಾರ ತಪ್ಪಿಸಿಕೊಳ್ಳಬಹುದು. ಸಾವಾದರೆ ಅಥವಾ ಕಾಯಂ ಆಗಿ ಪೂರ್ತಿ ದುಡಿಯಲಾರದಂತಾದರೆ ಮಾತ್ರ ಈ ನೆಪ ನಡೆಯುವುದಿಲ್ಲ. 1923ರ ಕಾಯಿದೆಯ ಈ ಕಲಮು ಈಗಿನ ಸಾಮಾಜಿಕ ಭದ್ರತೆಯ ಸಂಹಿತೆಗೂ ಬಂದಿದೆ. ಅಂದಮೇಲೆ ಬೇಲಿ ಬಿಚ್ಚಿದವನು ಕೈಯನ್ನೂ ಕಳೆದುಕೊಳ್ಳುತ್ತಾನೆ, ಕೈಯ ಬೆಲೆಯನ್ನೂ ಕಳೆದುಕೊಳ್ಳುತ್ತಾನೆ. "ಬಿಚ್ಚಿ ಕೆಲಸ ಮಾಡು" ಎಂದು ಮೇಸ್ತ್ರಿ ಹೇಳಿದರೆ "ಚೀಟಿಯಲ್ಲಿ ಬರೆದುಕೊಡಿ" ಎನ್ನಿರಿ. ಬರೆದುಕೊಡುವ ಮೇಸ್ತ್ರಿ ಸಿಕ್ಕುವುದು ಕಷ್ಟ.

ಸಣ್ಣ ವ್ಯಾಪಾರಸ್ಥರಿಗೆ

ಹಿಟ್ಟಿನ ಗಿರಣಿ, ಖಾರದ ಗಿರಣಿ, ಎಣ್ಣೆಯ ಗಾಣ, ಕಟ್ಟಿಗೆ ಕೊರೆಯುವ ಯಂತ್ರ, ಕಬ್ಬಿನ ರಸದ ಯಂತ್ರ ಇಟ್ಟುಕೊಂಡವರು ನಮ್ಮ ಓದುಗರಲ್ಲಿ ಬಹಳ ಜನ. ಅವರನ್ನು ಮ್ಯಾಂಚೆಸ್ಟರಿನ ಧಣಿಗಳ ಸಾಲಿನಲ್ಲಿ ನಿಲ್ಲಿಸುವಷ್ಟು ನಾವು ಕುರುಡರಲ್ಲ. ಬ್ಯಾಂಕಿನ ಕಂತು, ಕರೆಂಟಿನ ಬಿಲ್ಲು, ಉದ್ರಿಯ ಖಾತೆ, ಇವುಗಳ ನಡುವೆ ಅವರೂ ಹಣ್ಣಾಗಿದ್ದಾರೆ. ಆದರೆ ಯೋಚಿಸಿರಿ: ನಿಮ್ಮ ಬೆಲ್ಟಿನ ಬದಿಯಲ್ಲಿ ನಿಲ್ಲುವವರು ಯಾರು? ಬೆಳಗ್ಗೆ ನೀವು, ಮಧ್ಯಾಹ್ನ ನಿಮ್ಮ ಮನೆಯಾಕೆ, ಶಾಲೆ ಬಿಟ್ಟ ಮೇಲೆ ನಿಮ್ಮ ಮಗ. ಹಿಟ್ಟಿನ ಡಬ್ಬಿ ಹಿಡಿದು ಬಂದ ಪಕ್ಕದ ಮನೆಯ ಹುಡುಗಿ. "ನಮ್ಮದು ಸಣ್ಣದು, ನಮಗೆ ಕಾಯಿದೆ ಸಲ್ಲದು" ಎಂದು ನೀವು ಹಿಗ್ಗುವಾಗ ನಿಮ್ಮ ಮಕ್ಕಳ ಬೆರಳುಗಳನ್ನೇ ಕಾಯಿದೆಯ ಹೊರಗೆ ಇಡುತ್ತಿದ್ದೀರಿ. ದೊಡ್ಡ ಗಿರಣಿಯ ಧಣಿ ಬೆಲ್ಟಿನ ಹತ್ತಿರ ಬರುವುದೇ ಇಲ್ಲ. ಅವನಿಗೆ ಬೇಲಿಯಿಲ್ಲದಿದ್ದರೂ ನಡೆದೀತು. ನಿಮಗೆ ನಡೆಯದು.

ಆದ್ದರಿಂದ ಇದು ಮಾಲೀಕ–ಕೂಲಿಕಾರರ ಜಗಳವಾಗಿಯೇ ಉಳಿಯಬೇಕಾದದ್ದಲ್ಲ. ಊರಿನ ಕೆಲಸವಾಗಿ ಇದನ್ನು ಎತ್ತಿಕೊಳ್ಳಬಹುದು. ಅದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಾಗಿಲ್ಲ. 1993ರ ಪಂಚಾಯತ ರಾಜ್ ಕಾಯಿದೆಯ ಪ್ರಕಾರ ವಿದ್ಯುತ್ತು ಮೊದಲಾದ ಶಕ್ತಿಯಿಂದ ಯಂತ್ರ ನಡೆಸುವ ಕಾರ್ಖಾನೆ, ವರ್ಕಶಾಪು ಹೂಡಲು ಗ್ರಾಮ ಪಂಚಾಯತಿಯ ಪರವಾನಿಗೆ ಬೇಕು. ಪರವಾನಿಗೆಯ ಅರ್ಜಿ ಬಂದಾಗ ಫೀ ಎಣಿಸಿಕೊಳ್ಳುವ ಪಂಚಾಯತಿ, ಬೆಲ್ಟಿಗೆ ಬೇಲಿ ಇದೆಯೇ ಎಂದು ಒಂದು ಪ್ರಶ್ನೆ ಕೇಳಬಾರದೇ? ಇಪ್ಪತ್ತು ತಲೆಗಳಿಲ್ಲವೆಂದು ದೆಹಲಿಯ ಕಾಯಿದೆ ಕೈಬಿಟ್ಟ ಜಾಗಗಳನ್ನು ಊರಿನ ಪಂಚಾಯತಿ ಕೈಹಿಡಿಯಬಹುದು.

ನಾವು ಕೇಳುವುದು ಇಷ್ಟೇ:

ಚಿಕ್ಕೇರೂರಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಬೇಕು. ಬೇಲಿಯಿಲ್ಲದ ಯಂತ್ರಕ್ಕೆ ಹೊಸ ಪರವಾನಿಗೆ ಇಲ್ಲವೆಂದು ಠರಾವು ಆಗಬೇಕು.

ಗೋವಿನಜೋಳದ ರಾಶಿಯ ಕಾಲ ಬರುವ ಮೊದಲು, ಬಾಡಿಗೆಗೆ ತಿರುಗುವ ಪ್ರತಿಯೊಂದು ಯಂತ್ರದ ಶಾಫ್ಟಿಗೂ ಕೊಳವೆಯ ಹೊದಿಕೆ ಬೇಕು. ಹೊದಿಕೆಯಿಲ್ಲದ ಯಂತ್ರವನ್ನು ರೈತರು ಕಣಕ್ಕೆ ಕರೆಯಕೂಡದು.

ಪ್ರತಿ ಯಂತ್ರದ ಬಳಿ, ನಿಂತವನ ಕೈಗೆಟಕುವಲ್ಲಿ, ನಿಲ್ಲಿಸುವ ಗುಂಡಿ ಬೇಕು. ಮಾಲೀಕನ ಗಲ್ಲೆಯ ಹಿಂದಿರುವ ಸ್ವಿಚ್ಚು ಬೆಲ್ಟಿಗೆ ಸಿಕ್ಕವನಿಗೆ ಉಪಯೋಗವಿಲ್ಲ.

ಯಂತ್ರ ನಿಲ್ಲಿಸಿ ಸ್ವಚ್ಛ ಮಾಡುವ ಹೊತ್ತಿಗೂ ಪೂರ್ಣ ಕೂಲಿ ಬೇಕು.

ಸರಕಾರವು ಹತ್ತರ ಮಿತಿಯನ್ನು ಮರಳಿ ತರಬೇಕು. ಯಂತ್ರದ ಬೇಲಿಯ ವಿಷಯದಲ್ಲಿ ತಲೆ ಎಣಿಸುವುದನ್ನೇ ಬಿಟ್ಟು, ಒಬ್ಬನೇ ದುಡಿಯುವ ಕಡೆಗೂ ಕಾಯಿದೆ ಸಲ್ಲುವಂತೆ ಮಾಡಬೇಕು.

ಇವುಗಳಲ್ಲಿ ಯಾವುದು ಅತಿಯಾಯಿತು? ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಅಭ್ಯಾಸ ನಮ್ಮ ಆಳುವವರಿಗೆ ಹಳೆಯದು. ಆಸ್ಪತ್ರೆಗೆ ಬಂದು ಹಣ್ಣು ಕೊಟ್ಟು ಫೋಟೋ ತೆಗೆಸಿಕೊಳ್ಳುವ ಮಂತ್ರಿಗಿಂತ, ಒಂದು ಜಾಲರಿ ಬಿಗಿದು ಹೋಗುವ ವೆಲ್ಡರನು ಈ ನಾಡಿಗೆ ಹೆಚ್ಚು ಬೇಕಾದವನು. ಕೂಲಿಕಾರರು ಕೇಳಲಿ, ವ್ಯಾಪಾರಸ್ಥರು ಕೂಡಿಕೊಳ್ಳಲಿ, ಪಂಚಾಯತಿ ಬರೆದುಕೊಳ್ಳಲಿ. ಬರುವ ಗ್ರಾಮಸಭೆಗೆ ಗಿರಣಿಯಿಂದ, ಅಂಗಡಿಯಿಂದ, ಕಣದಿಂದ ಒಬ್ಬೊಬ್ಬರಾದರೂ ಎದ್ದು ಬನ್ನಿರಿ.